ಹಿನ್ನೀರಿನ ದಂಡೆಯಲ್ಲಿ ಎರಡು ರಾತ್ರಿ: ಮುಂಬಯಿ-ಪುಣೆಯ ಸಂಸಾರಸ್ಥರಿಗೆ ಕ್ಯಾಂಪಿಂಗ್ ತಯಾರಿ

ಪವನಾ, ಮುಳಶಿ, ಭಂಡಾರದರಾ, ತಾಪೋಳಾ. ಮುಂಬಯಿ-ಪುಣೆಯವರು 'ಲೇಕ್ ಕ್ಯಾಂಪಿಂಗ್' ಎಂದು ಹೊರಡುವ ಜಾಗಗಳಲ್ಲಿ ಮುಕ್ಕಾಲು ಪಾಲು ಸರೋವರಗಳೇ ಅಲ್ಲ, ಅಣೆಕಟ್ಟಿನ ಹಿನ್ನೀರು. ಊರ ಕೆರೆಯ ಏರಿ ವರ್ಷವಿಡೀ ಇದ್ದಲ್ಲೇ ಇರುತ್ತದೆ. ಹಿನ್ನೀರಿನ ದಂಡೆ ಹಾಗಲ್ಲ, ತಿಂಗಳು ತಿಂಗಳಿಗೂ ಜರುಗುತ್ತದೆ. ಸೆಪ್ಟೆಂಬರ್ ಕೊನೆಗೆ ಹುಲ್ಲಿನ ಅಂಚಿಗೆ ತಾಗಿ ನಿಂತ ನೀರು ಏಪ್ರಿಲ್ ಹೊತ್ತಿಗೆ ಬಿರುಕುಬಿಟ್ಟ ಕೆಸರಿನಾಚೆ ಎಲ್ಲೋ ಹೊಳೆಯುತ್ತಿರುತ್ತದೆ. ಟೆಂಟ್ ಎಲ್ಲಿ ಹೂಡಬೇಕು, ಗಾಡಿ ಎಲ್ಲಿವರೆಗೆ ಇಳಿಸಬಹುದು, ಮಕ್ಕಳನ್ನು ಎಲ್ಲಿಗೆ ಬಿಡಕೂಡದು, ಯಾವ ತಿಂಗಳು ರಜೆ ಹಾಕಬೇಕು ಎಂಬುದೆಲ್ಲ ಈ ಜರುಗುವ ನೀರಿನಿಂದಲೇ ತೀರ್ಮಾನವಾಗುತ್ತದೆ. ಮೊದಲು ನೀರು ನೋಡಿ, ಆಮೇಲೆ ಬುಕಿಂಗ್.

ಯಾವ ತಿಂಗಳು, ಯಾವ ವಾರ

ಜೂನ್ ನಡುವಿನಿಂದ ಸೆಪ್ಟೆಂಬರ್ ಮುಗಿಯುವ ತನಕ ದಂಡೆಯ ವಾಸ ಬೇಡ. ಮಳೆಯಲ್ಲಿ ಲೋಣಾವಳ ಚಂದವೇ, ಒಪ್ಪೋಣ. ಹೋಗಿ ನೋಡಿ, ಬಿಸಿ ಕಾಂದಾ ಭಜಿ ತಿನ್ನಿ, ರಾತ್ರಿಗೆ ಮಾತ್ರ ಗಟ್ಟಿ ಸೂರಿನ ಕೆಳಗೆ ಮಲಗಿ. 2024ರ ಜೂನ್ 30ರಂದು ಅಲ್ಲಿನ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಮನೆತನದ ಐವರು ಕೊಚ್ಚಿಹೋದರು. ಗುಡ್ಡದ ಮೇಲೆ ಸುರಿದ ಮಳೆ ಕೆಳಗೆ ನಿಂತವರ ಕಣ್ಣಿಗೆ ಕಾಣುವುದಿಲ್ಲ, ನೀರು ಬಂದಾಗಲೇ ಗೊತ್ತಾಗುವುದು. ಮಳೆಗಾಲದಲ್ಲಿ ಜಿಲ್ಲಾಡಳಿತ ಇಂಥ ಜಾಗಗಳಿಗೆ ನಿಷೇಧಾಜ್ಞೆ ಹಾಕುವುದೂ ಇದಕ್ಕೇ.

ಅಕ್ಟೋಬರಿನಲ್ಲಿ ನೀರು ತುಂಬಿರುತ್ತದೆ, ಸುತ್ತ ಹಸಿರು, ಫೋಟೋಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ನೆಲ ಒಣಗಿರುವುದಿಲ್ಲ, ಸೊಳ್ಳೆ ಜಾಸ್ತಿ, ಸಂಜೆಗೆ 'ಪರತೀಚಾ ಪಾವೂಸ್', ಅಂದರೆ ಹಿಂತಿರುಗುವ ಮುಂಗಾರು, ಗುಡುಗಿನ ಜೊತೆ ಬರಬಹುದು. ಸಂಸಾರ ಕಟ್ಟಿಕೊಂಡು ಹೋಗುವವರಿಗೆ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಸರಿಯಾದ ಕಾಲ. ಡಿಸೆಂಬರ್-ಜನವರಿಯ ರಾತ್ರಿ ಪವನಾ ಕಡೆ ಹತ್ತು-ಹನ್ನೆರಡು ಡಿಗ್ರಿಗೆ ಇಳಿಯುವುದುಂಟು, ಭಂಡಾರದರಾದಲ್ಲಿ ಇನ್ನೂ ಕೆಳಗೆ. ಮುಂಬಯಿಯ ಮಕ್ಕಳಿಗೆ ಅದು ಹಿಮಾಲಯವೇ. ಮಾರ್ಚ್-ಏಪ್ರಿಲಿನ ರಾತ್ರಿಗಳೂ ಹಿತವೇ, ಹಗಲು ಮಾತ್ರ ಬೇಯಿಸುತ್ತದೆ. ನೀರಿಗೆ ನಡೆದೇ ಹೋಗಬೇಕು. ಮೇ ಕೊನೆ, ಜೂನ್ ಮೊದಲ ವಾರಗಳಲ್ಲಿ ಭಂಡಾರದರಾ ಸುತ್ತಿನ ಕಾಡಿನಲ್ಲಿ ಮಿಂಚುಹುಳಗಳ ಜಾತ್ರೆ. ಅದಕ್ಕೆಂದೇ ಹೋಗುವುದಾದರೆ ವಾರದ ನಡುವೆ ಹೋಗಿ, ಟಾರ್ಚ್‌ಗೆ ಕೆಂಪು ಕಾಗದ ಸುತ್ತಿ. ಮೊಬೈಲಿನ ಬಿಳಿ ಬೆಳಕು ಬಿದ್ದರೆ ಹುಳಗಳ ಮಿನುಗು ನಿಂತುಬಿಡುತ್ತದೆ.

ತಾರೀಕು ಹಿಡಿಯುವ ಮುಂಚೆ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಅಮಾವಾಸ್ಯೆಯ ಆಸುಪಾಸಿನಲ್ಲಿ ನಕ್ಷತ್ರ ಕಾಣುತ್ತವೆ. ಹುಣ್ಣಿಮೆಯ ಆಸುಪಾಸಿನಲ್ಲಿ ದಂಡೆ ಬೆಳ್ಳಗಿರುತ್ತದೆ, ಸಣ್ಣ ಮಕ್ಕಳಿದ್ದವರಿಗೆ ಅದೇ ಅನುಕೂಲ. ಶನಿವಾರ ರಾತ್ರಿ ಪವನಾ ದಂಡೆಯಲ್ಲಿ ಕ್ಯಾಂಪಿಗೊಂದು ಡಿಜೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ, ನೀರಿನ ಆಚೆ ದಂಡೆಯ ಪಾರ್ಟಿಗೆ ಅದನ್ನು ಓದಿ ಹೇಳುವವರು ಯಾರು? ಭಾನುವಾರ ಮಧ್ಯಾಹ್ನ ಹೋಗಿ ಮಂಗಳವಾರ ಬರುವವರಿಗೆ ಅದೇ ಜಾಗ ಅರ್ಧ ಜನದಲ್ಲಿ, ಎಷ್ಟೋ ಸಲ ಕಮ್ಮಿ ದುಡ್ಡಿನಲ್ಲಿ ಸಿಗುತ್ತದೆ.

ಯಾವ ನೀರು

ಮೊದಲ ಸಲದವರಿಗೆ ಪವನಾ. ಪುಣೆಯಿಂದ ಒಂದೂವರೆ-ಎರಡು ಗಂಟೆ, ಮುಂಬಯಿಯಿಂದ ಮೂರು-ಮೂರೂವರೆ. ಲೋಹಗಡ, ವಿಸಾಪುರ, ತಿಕೋನಾ, ತುಂಗ ಕೋಟೆಗಳು ಸುತ್ತಲೂ ಇವೆ. ಏನಾದರೂ ಹೆಚ್ಚುಕಮ್ಮಿಯಾದರೆ ಬೇಗ ಊರು ಸೇರಬಹುದು. ಲೋಣಾವಳದಿಂದ ದುಧಿವರೆ ಖಿಂಡ್ (ಗುಡ್ಡದ ನಡುವಿನ ಕಣಿವೆದಾರಿ) ದಾಟಿ ಇಳಿಯುವ ದಾರಿ ಹತ್ತಿರ, ಆದರೆ ಕಡಿದು. ದೊಡ್ಡ ಗಾಡಿ, ಘಾಟಿನಲ್ಲಿ ವಾಂತಿ ಮಾಡುವ ಮಗು ಅಥವಾ ಹೊಸ ಡ್ರೈವರ್, ಈ ಮೂರರಲ್ಲಿ ಒಂದಿದ್ದರೂ ಕಾಮಶೇತ್ ಮೂಲಕ ಪವನಾನಗರಕ್ಕೆ ಹೋಗಿ. ಮ್ಯಾಪ್ ಲೋಣಾವಳದ ದಾರಿಯನ್ನೇ ತೋರಿಸಿ ಆಸೆ ಹುಟ್ಟಿಸುತ್ತದೆ, ಕಾಮಶೇತ್ ಎಂದು ನಡುವೆ ಒಂದು ನಿಲುಗಡೆ ಸೇರಿಸಿದರೆ ದಾರಿಗೆ ಬರುತ್ತದೆ.

ಎರಡನೆಯ ಸಲಕ್ಕೆ ಭಂಡಾರದರಾ. ಪ್ರವರಾ ನದಿಗೆ ಕಟ್ಟಿ 1926ರಲ್ಲಿ ಮುಗಿಸಿದ ವಿಲ್ಸನ್ ಅಣೆಕಟ್ಟಿನ ಹಿಂದೆ ನಿಂತ ನೀರು ಆರ್ಥರ್ ಲೇಕ್. ಪಕ್ಕದಲ್ಲೇ ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1,646 ಮೀಟರಿನ ಕಳಸೂಬಾಯಿ. ಎರಡೂ ಊರುಗಳಿಂದ ಹೆಚ್ಚುಕಮ್ಮಿ 170 ಕಿ.ಮೀ. ಮುಂಬಯಿಯವರು ಇಗತ್‌ಪುರಿ-ಘೋಟಿ ಹಾದು ಬರಬೇಕು. 2025ರ ಜೂನಿನಲ್ಲಿ ಮುಂಬಯಿ-ನಾಗಪುರದ ಸಮೃದ್ಧಿ ಮಹಾಮಾರ್ಗದ ಕೊನೆಯ ತುಂಡೂ ತೆರೆದದ್ದರಿಂದ ಕಸಾರಾ ಘಾಟಿನ ಲಾರಿ ಸಾಲನ್ನು ಸುರಂಗದಲ್ಲಿ ತಪ್ಪಿಸಬಹುದು. ಪುಣೆಯವರಿಗೆ ನಾರಾಯಣಗಾಂವ್, ಸಂಗಮನೇರ್, ಅಕೋಲೆ, ರಾಜೂರ್. ರಾಜೂರ್ ದಾಟಿದ ಮೇಲೆ ಪೆಟ್ರೋಲ್, ಎಟಿಎಂ, ಔಷಧಿ ಅಂಗಡಿ ನಂಬಿಕೊಳ್ಳಬೇಡಿ, ಅಲ್ಲೇ ಮುಗಿಸಿಕೊಳ್ಳಿ. ಸುತ್ತಿನ ಕಾಡು ಕಳಸೂಬಾಯಿ-ಹರಿಶ್ಚಂದ್ರಗಡ ಅಭಯಾರಣ್ಯ. ರತನ್‌ವಾಡಿ, ಸಾಂದಣ ಕಡೆ ಟೆಂಟ್ ಹಾಕುವ ಮೊದಲು ಆ ಜಾಗ ಖಾಸಗಿ ಹೊಲವೋ ಅರಣ್ಯವೋ ಎಂದು ಕೇಳಲೇಬೇಕು.

ತಾಪೋಳಾ ಕೋಯನಾ ಅಣೆಕಟ್ಟಿನ ಶಿವಸಾಗರದ ದಂಡೆ. ಮಹಾಬಳೇಶ್ವರದಿಂದ ಇಳಿಯುವ ರಸ್ತೆ ಸುತ್ತಿ ಸುತ್ತಿ ಬರುತ್ತದೆ. ಕಾರಿಗೆ ಸರಿ, ಕ್ಯಾರವಾನ್‌ಗೆ ಬೇಡವೇ ಬೇಡ.

ಫೋನಿನಲ್ಲಿ ಕೇಳಬೇಕಾದ್ದು

ಸರಕಾರಿ ವ್ಯವಸ್ಥೆ ಬೇಕೆಂದರೆ ಭಂಡಾರದರಾದಲ್ಲಿ ಎಂಟಿಡಿಸಿಯ, ಅಂದರೆ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ, ರೆಸಾರ್ಟ್ ಇದೆ. ಅಜ್ಜಿ-ಅಜ್ಜನನ್ನು ಅಲ್ಲಿ ಕೋಣೆಯಲ್ಲಿ ಮಲಗಿಸಿ ಉಳಿದವರು ಹತ್ತಿರದಲ್ಲಿ ಟೆಂಟ್ ಹಾಕುವುದು ಒಳ್ಳೆಯ ಹೊಂದಾಣಿಕೆ. ಮಿಕ್ಕಂತೆ ದಂಡೆಯಲ್ಲೆಲ್ಲ ಖಾಸಗಿ ಕ್ಯಾಂಪುಗಳು. ಇವರ ಫೋಟೋಗಳೆಲ್ಲ ಅಕ್ಟೋಬರಿನವು, ನೀರು ಟೆಂಟಿನ ಹಗ್ಗಕ್ಕೆ ತಾಗಿರುತ್ತದೆ. ನೀವು ಹೋಗುವುದು ಮಾರ್ಚಿನಲ್ಲಿ. ಹಾಗಾಗಿ ಕೇಳಬೇಕಾದ ಮೊದಲ ಮಾತು ಊಟದ್ದಲ್ಲ: "ದಾದಾ, ಆಜಚಾ ವ್ಹಿಡಿಯೋ ಪಾಠವಾ. ತಂಬೂಪಾಸೂನ ಪಾಣಿ ಕಿತಿ ಲಾಂಬ ಆಹೇ?" ಇವತ್ತಿನ ವಿಡಿಯೋ ಕಳಿಸಿ, ಟೆಂಟಿನಿಂದ ನೀರು ಎಷ್ಟು ದೂರ? ಕನ್ನಡಿಗರ ಹರಕು ಮರಾಠಿಗೂ ಹಿಂದಿಗಿಂತ ನೆಟ್ಟಗಿನ ಉತ್ತರ ಸಿಗುತ್ತದೆ.

ಆಮೇಲೆ ಕಕ್ಕಸು ಎಷ್ಟು ಟೆಂಟಿಗೆ ಒಂದು (ಹತ್ತಕ್ಕೆ ಒಂದು ಎಂದರೆ ಬೆಳಿಗ್ಗೆ ಏಳರ ಹೊತ್ತಿಗೆ ಸಾಲು ಖಾತ್ರಿ), ಗಾಡಿ ನಿಲ್ಲುವ ಜಾಗದಿಂದ ಟೆಂಟಿಗೆ ಎಷ್ಟು ದೂರ ಸಾಮಾನು ಹೊರಬೇಕು, ರಾತ್ರಿ ಕಾವಲಿಗೆ ಯಾರಿರುತ್ತಾರೆ, ಸ್ವಂತ ಅಡುಗೆಗೆ ಒಪ್ಪುತ್ತಾರೆಯೇ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ. 'ಬಿಸಿನೀರು ಇದೆ' ಎಂದರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದೂ ಕೇಳಬೇಕು. ಒಂದೇ ಫೋಟೋ ನಾಲ್ಕು ಹೆಸರಿನಲ್ಲಿ ಕಂಡರೆ ನಡುವೆ ದಲ್ಲಾಳಿ ಇದ್ದಾನೆ ಎಂದರ್ಥ. ಜಾಗದಲ್ಲೇ ಇರುವವರ ನಂಬರ್ ಮತ್ತು ಲೊಕೇಶನ್ ಕೈಗೆ ಬರುವ ತನಕ ಮುಂಗಡ ಕಳಿಸಬೇಡಿ.

ಸ್ವಂತ ಟೆಂಟ್ ಒಯ್ದು ಹೊಲದಲ್ಲಿ ಹೂಡುವವರು ಜಮೀನಿನ ಯಜಮಾನರನ್ನು ಕೇಳಿ, ಪೋಲೀಸ್ ಪಾಟೀಲರ, ಅಂದರೆ ಹಳ್ಳಿಯಲ್ಲಿ ಪೊಲೀಸರ ಪರವಾಗಿ ಇರುವವರ, ಕಿವಿಗೂ ಹಾಕಿ. ಕೊಟ್ಟ ನೂರಿನ್ನೂರು ರೂಪಾಯಿಗಿಂತ ರಾತ್ರಿ ಯಾರಾದರೂ ಬಂದು ಟಾರ್ಚ್ ಬಿಟ್ಟಾಗ ಹೇಳಲು ಒಂದು ಹೆಸರು ಇರುವುದು ದೊಡ್ಡದು. ಮಧ್ಯಾಹ್ನ ಪಿಠ್ಲ-ಭಾಕರಿ ಅವರ ಮನೆಯಲ್ಲೇ ಹೇಳಿಬಿಟ್ಟರೆ ಒಂದು ಹೊತ್ತಿನ ಅಡುಗೆಯೂ ತಪ್ಪುತ್ತದೆ.

ಕ್ಯಾರವಾನ್‌ನಲ್ಲಿ ಹೋಗುವವರಿಗೆ

ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಬಾಡಿಗೆಗೂ ಗಾಡಿಗಳು ಸಿಗುತ್ತವೆ, ಬಹುಪಾಲು ಡ್ರೈವರ್ ಸಮೇತ. ಆದರೆ ಅಮೆರಿಕದ ಸ್ಟೇಟ್ ಪಾರ್ಕುಗಳಲ್ಲಿ ಸಾಲು ಸಾಲು ಗಾಡಿಗೆ ಕರೆಂಟು, ನಲ್ಲಿ, ಕೊಳಚೆ ಬಿಡುವ ಕೊಳವೆ ಎಲ್ಲ ಕಾಯುತ್ತಿರುವಂತೆ ಇಲ್ಲಿನ ದಂಡೆಯಲ್ಲಿ ಯಾವುದೂ ಕಾಯುತ್ತಿರುವುದಿಲ್ಲ. ತಂದದ್ದರಲ್ಲೇ ಕಳೆಯಬೇಕು. ಜನರ ಲೆಕ್ಕದಲ್ಲಿ ಡ್ರೈವರನ್ನೂ ಸೇರಿಸಿ: ಅವರ ಊಟ, ನೀರು, ಮಲಗುವ ಜಾಗ. ಸೀಟಿನ ಮೇಲೆ ಮುದುಡಿ ಮಲಗಿದವರ ಕೈಗೆ ಮಾರನೆಯ ದಿನ ಘಾಟಿನ ಸ್ಟಿಯರಿಂಗ್ ಕೊಡುವುದು ಯಾರಿಗೂ ಒಳ್ಳೆಯದಲ್ಲ.

ಕರೆಂಟಿನ ಲೆಕ್ಕ ಹೀಗೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಎಂದರೆ 1,200 ವ್ಯಾಟ್-ಅವರ್. ಸಾಮಾನ್ಯ ಲೆಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆಯುಷ್ಯ ಕಮ್ಮಿಯಾಗುತ್ತದೆ. ಕೈಗೆ ಸಿಗುವುದು 600. 20 ವ್ಯಾಟಿನ ಎರಡು ಫ್ಯಾನ್ 8 ಗಂಟೆ ತಿರುಗಿದರೆ 320, ದೀಪಗಳು 10 ವ್ಯಾಟಿನಂತೆ 5 ಗಂಟೆಗೆ 50, ನಾಲ್ಕು ಮೊಬೈಲಿಗೆ 60. ಒಟ್ಟು 430. ಇನ್ವರ್ಟರ್ ನುಂಗುವ ಪಾಲು ಸೇರಿ ಒಂದು ರಾತ್ರಿಗೆ ಸರಿಹೋಯಿತು. ಇದರ ಮೇಲೆ ಫ್ರಿಜ್: 45 ವ್ಯಾಟಿನದು ದಿನದ ಅರ್ಧ ಹೊತ್ತು ಓಡಿದರೂ 540, ಅದೊಂದೇ ಬ್ಯಾಟರಿಯನ್ನು ಮುಗಿಸುತ್ತದೆ. 1,000 ವ್ಯಾಟಿನ ಎಸಿ ಹಾಕಿದರೆ ಅರ್ಧ ಗಂಟೆಯ ಮೇಲೆ ಐದಾರು ನಿಮಿಷ. 'ಗಾಡಿಯಲ್ಲಿ ಎಸಿ ಇದೆ' ಎಂದು ಬಾಡಿಗೆಯವರು ಹೇಳಿದರೆ, ಎಂಜಿನ್ ಅಥವಾ ಜನರೇಟರ್ ಇಲ್ಲದೆ ಎಷ್ಟು ಹೊತ್ತು ಎಂದು ಕೇಳಿ. ಲಿಥಿಯಂ ಬ್ಯಾಟರಿಯಾದರೆ ಅದೇ ಅಳತೆಯಲ್ಲಿ ಸಾವಿರದ ಹತ್ತಿರ ಬಳಸಬಹುದು, ಆದರೂ ಎಸಿಯ ಕನಸು ಅಷ್ಟಕ್ಕಷ್ಟೇ.

ನೀರಿನ ಟ್ಯಾಂಕ್ 100 ಲೀಟರಿನದಾದರೆ ದಿನಕ್ಕೆ ನಾಲ್ವರ ಒಂದೊಂದು ಶವರ್ ಸೇರಿ 40 ಲೀಟರ್, ಪಾತ್ರೆಗೆ 20, ಕೈಕಾಲಿಗೆ 15. ಎರಡನೆಯ ಬೆಳಿಗ್ಗೆ ನಲ್ಲಿ ಗೊರಗೊರ ಎನ್ನುತ್ತದೆ. ಶವರ್ ಬಿಟ್ಟು ಬಕೆಟ್-ಚೊಂಬು ಹಿಡಿದರೆ ಅರ್ಧದಲ್ಲೇ ಮುಗಿಯುತ್ತದೆ. ಗಾಡಿಯ ಕಕ್ಕಸಿನ ಡಬ್ಬಿ ಸಾಮಾನ್ಯವಾಗಿ ಇಪ್ಪತ್ತು ಲೀಟರಿನೊಳಗಿನದು, ನಾಲ್ವರಿಗೆ ಎರಡು ದಿನಕ್ಕೆ ತುಂಬುತ್ತದೆ. ಅದನ್ನು ಸೆಪ್ಟಿಕ್ ಟ್ಯಾಂಕ್ ಇರುವ ಕಕ್ಕಸಿಗೇ ಸುರಿಯಬೇಕು. ಪವನಾದ ನೀರೇ ಪಿಂಪ್ರಿ-ಚಿಂಚ್‌ವಡದವರ ನಲ್ಲಿಗೆ ಹೋಗುವುದು.

ಗಾಡಿ ಸಿಕ್ಕಿಕೊಳ್ಳುವುದು ಎರಡು ಕಡೆ: ಹಳ್ಳಿಯ ಬೀದಿಯಲ್ಲಿ ಜೋತುಬಿದ್ದ ವಯರಿನಲ್ಲಿ ಮತ್ತು ದಂಡೆಯ ಕೆಸರಿನಲ್ಲಿ. ಗಾಡಿಯ ಎತ್ತರ ಬರೆದ ಚೀಟಿ ಡ್ರೈವರ್ ಕಣ್ಣೆದುರು ಅಂಟಿಸಿ, ಹಳ್ಳಿ ಬಂದಾಗ ಒಬ್ಬರು ಇಳಿದು ಮುಂದೆ ನಡೆಯಿರಿ. ಹಿನ್ನೀರು ಬಿಟ್ಟುಹೋದ ನೆಲ ಮೇಲೆ ಒಣಗಿ ಬಿಸ್ಕೆಟಿನಂತೆ ಕಂಡರೂ ಗೇಣು ಕೆಳಗೆ ಪಾಯಸ. ಹಿಮ್ಮಡಿಯಿಂದ ಒತ್ತಿ ತಿರುಗಿಸಿ ನೋಡಿ, ಗುಳಿ ಬಿದ್ದರೆ ಮೂರು ಟನ್ನಿನ ಗಾಡಿಗೆ ಅದು ಜಾಗವಲ್ಲ. ಮುರುಮಿನ (ಗರಸು ಮಣ್ಣಿನ) ರಸ್ತೆ ಬಿಟ್ಟು ಇಳಿಯಬೇಡಿ. ನಿಲ್ಲಿಸುವಾಗ ಮೂತಿ ಹೊರದಾರಿಗೆ ಇರಲಿ, ಚಕ್ರಕ್ಕೆ ಕಲ್ಲೋ ಮರದ ಆನಿಕೆಯೋ ಕೊಡಿ. ನೆಲ ಓರೆಯಾಗಿದ್ದರೆ ತಲೆದಿಂಬು ಎತ್ತರದ ಕಡೆ ಬರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಎಲ್ಲರಿಗೂ ತಲೆ ಭಾರ.

ದಂಡೆ ಓದಿ, ಟೆಂಟ್ ಹೂಡಿ

ಹಗಲು ಎರಡು ಗಂಟೆ ಉಳಿದಿರುವಂತೆ ಜಾಗ ಸೇರಿ. ನೀರಿನಂಚಿನಿಂದ ಮೇಲಕ್ಕೆ ನಡೆಯುತ್ತ ನೆಲ ನೋಡಿ. ಬಚ್ಚಲ ಹಂಡೆಯ ಒಳಮೈಯಲ್ಲಿ ಬಿಳಿ ಗೆರೆಗಳು ಬಿದ್ದಿರುತ್ತವಲ್ಲ, ಹಾಗೆ ಒಣ ಕಡ್ಡಿ, ಪ್ಲಾಸ್ಟಿಕ್, ಬಿಳಿಚಿದ ಪಾಚಿಯ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ನೀರು ಒಂದೊಂದು ವಾರ ನಿಂತುಹೋದ ಗುರುತು ಅದು. ಎಲ್ಲಕ್ಕಿಂತ ಮೇಲಿನ ಗೆರೆ ತುಂಬಿದ ಮಟ್ಟ. ಅಲ್ಲಿಂದ ಮೇಲೆ ಹುಲ್ಲು, ಪೊದೆ. ಟೆಂಟ್ ಆ ಗೆರೆಗಿಂತಲೂ ಮೇಲೆ. ನೀರಿನ ಪಕ್ಕದ ತಗ್ಗಿನಲ್ಲಿ ರಾತ್ರಿಯ ತಂಪುಗಾಳಿ ಇಳಿದು ಕೂರುತ್ತದೆ, ಮಂಜೂ ಹೆಚ್ಚು. ಇಪ್ಪತ್ತಡಿ ಎತ್ತರದಲ್ಲಿ ಹಾಕಿದ ಟೆಂಟಿಗೂ ಅಂಚಿನ ಟೆಂಟಿಗೂ ಬೆಳಿಗ್ಗೆ ನಾಲ್ಕಕ್ಕೆ ಚಳಿಯಲ್ಲಿ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಒಂಟಿ ಮರದ ಕೆಳಗೆ, ಒಣಗಿದ ಹಳ್ಳದ ಪಾತ್ರದಲ್ಲಿ, ದನಗಳು ನೀರಿಗಿಳಿಯುವ ಜಾಡಿನಲ್ಲಿ ಹಾಕಬೇಡಿ. ಬೆಳಿಗ್ಗೆ ಎಮ್ಮೆಗಳಿಗೆ ನಿಮ್ಮ ಹಗ್ಗ ಕಾಣುವುದಿಲ್ಲ.

'ನಾಲ್ವರ ಟೆಂಟ್' ಎಂದರೆ ನಾಲ್ವರು ಹೆಗಲಿಗೆ ಹೆಗಲು ತಾಗಿಸಿ ಹೆಣದಂತೆ ಮಲಗುವ ಅಳತೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಬ್ಯಾಗುಗಳು ಎಂದರೆ ಆರು ಜನರದ್ದು ಬೇಕು. ಕೊಂಡು ತಂದ ಟೆಂಟನ್ನು ಮೊದಲು ಸೊಸೈಟಿಯ ಟೆರೇಸಿನಲ್ಲಿ ಒಮ್ಮೆ ಎಬ್ಬಿಸಿ ನೋಡಿ, ಕಂಬದ ಒಂದು ತುಂಡು ಕಮ್ಮಿಯಿರುವುದು ಕತ್ತಲಲ್ಲಿ ಗೊತ್ತಾಗಬಾರದು.

ಕಲ್ಲು ಆಯ್ದ ನೆಲದ ಮೇಲೆ ಮೊದಲು ತಾಡಪತ್ರಿ. ಅದು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಒಳಗೇ ಇರಬೇಕು. ಹೊರಗೆ ಚಾಚಿದರೆ ಮೇಲಿನಿಂದ ಇಳಿದ ಇಬ್ಬನಿಯನ್ನೆಲ್ಲ ಹಿಡಿದು ನಿಮ್ಮ ಬೆನ್ನಡಿಗೆ ತಂದು ಸುರಿಯುತ್ತದೆ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಟೆಂಟಿನ ಜೊತೆ ಬರುವ ತೆಳ್ಳನೆಯ ಅಲ್ಯೂಮಿನಿಯಂ ಗೂಟಗಳು ಸಹ್ಯಾದ್ರಿಯ ಮುರುಮಿಗೆ ಎರಡೇ ಏಟಿಗೆ ಬಾಗುತ್ತವೆ. ಹಾರ್ಡ್‌ವೇರ್ ಅಂಗಡಿಯಿಂದ ಎಂಟಿಂಚಿನ ಕಬ್ಬಿಣದ ಮೊಳೆ ಹನ್ನೆರಡು ತನ್ನಿ, ಅಗಲ ವಾಷರ್ ಸೇರಿಸಿ, ತಲೆಗೆ ಕೆಂಪು ರಿಬ್ಬನ್ ಕಟ್ಟಿ. ಮೊಳೆಯ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ 45 ಡಿಗ್ರಿಯಲ್ಲಿ ಹೊಡೆಯಿರಿ. ನೆಟ್ಟಗೆ ಹೊಡೆದದ್ದನ್ನು ಗಾಳಿ ಹಲ್ಲು ಕಿತ್ತಂತೆ ಕೀಳುತ್ತದೆ. ಮೆತ್ತನೆಯ ನೆಲವಾದರೆ ಮೊಳೆ ನಿಲ್ಲುವುದಿಲ್ಲ: ಕೈಚೀಲಕ್ಕೆ ಕಲ್ಲು ತುಂಬಿ, ಹಗ್ಗ ಕಟ್ಟಿ, ಮೊಳ ಆಳಕ್ಕೆ ಹೂತುಬಿಡಿ.

ಮೊದಲ ಸಲದವರು ತಪ್ಪದೆ ಮಾಡುವ ತಪ್ಪು, ಚಳಿಯೆಂದು ಎಲ್ಲ ಕಿಟಕಿ ಮುಚ್ಚುವುದು. ನಾಲ್ವರ ಉಸಿರು-ಬೆವರಿನಿಂದ ರಾತ್ರಿಗೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹೊರಬೀಳುತ್ತದೆ. ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿ ಹೊದಿಕೆಯ ಮೇಲೆ ಬೀಳುತ್ತದೆ. 'ಟೆಂಟ್ ಸೋರುತ್ತದೆ' ಎಂಬ ದೂರು ಚಳಿಗಾಲದಲ್ಲಿ ಬಂದರೆ ಬಹುಪಾಲು ಇದೇ. ಮೇಲಿನ ಗಾಳಿಕಿಂಡಿ ಎರಡೂ ತೆರೆದಿಡಿ.

ಚಳಿ ಮೇಲಿನಿಂದಲ್ಲ, ನೆಲದಿಂದ ಬರುತ್ತದೆ. ಗಾಳಿ ಊದುವ ಹಾಸಿಗೆ ಮೆತ್ತಗಿದ್ದರೂ ಒಳಗಿನ ಗಾಳಿ ನೆಲದ ತಂಪಿಗೆ ತಣ್ಣಗಾಗಿ ಬೆನ್ನಿಗೆ ತಣ್ಣೀರಿನ ಚೀಲದಂತಾಗುತ್ತದೆ. 8-10 ಮಿಲಿಮೀಟರಿನ ಫೋಮ್ ಚಾಪೆ, ಅದರ ಮೇಲೆ ಜಮಖಾನ, ಮೇಲೊಂದು ಕೌದಿ. ಧಾರವಾಡ-ವಿಜಯಪುರ ಕಡೆಯವರ ಮನೆಯ ಅಟ್ಟದಲ್ಲಿರುವ ಹಳೆ ಕೌದಿ ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಸ್ಲೀಪಿಂಗ್ ಬ್ಯಾಗಿಗಿಂತ ಎಷ್ಟೋ ವಾಸಿ.

ಒಲೆ ಮತ್ತು ಬುತ್ತಿ

ಲೋಕಲ್‌ನಲ್ಲೋ ರೈಲಿನಲ್ಲೋ ಕಾಮಶೇತ್, ಇಗತ್‌ಪುರಿಯವರೆಗೆ ಹೋಗುವವರು ಗ್ಯಾಸ್ ಒಯ್ಯುವಂತಿಲ್ಲ, ರೈಲಿನಲ್ಲಿ ಅದು ನಿಷಿದ್ಧ. ಸ್ವಂತ ಗಾಡಿಯವರಿಗೆ ಸೂಟ್‌ಕೇಸಿನಂತೆ ಮಡಚುವ, ಪಕ್ಕದಲ್ಲಿ ಬ್ಯೂಟೇನ್ ಡಬ್ಬಿ ಕೂರುವ ಒಲೆ ಅನುಕೂಲ. 225 ಗ್ರಾಂ ಡಬ್ಬಿ ಜೋರು ಉರಿಯಲ್ಲಿ ಸುಮಾರು ಒಂದೂವರೆ ಗಂಟೆ. ಐದು ಜನಕ್ಕೆ ಎರಡು ರಾತ್ರಿ, ನಾಲ್ಕು ಸುತ್ತು ಚಹಾ, ಎರಡು ಹೊತ್ತಿನ ಅನ್ನ-ಸಾರು ಎಂದರೆ ಮೂರು, ಕೈಯಲ್ಲಿ ಇನ್ನೊಂದು. ಬೆಳಗಿನ ಚಳಿಯಲ್ಲಿ ಉರಿ ಸಣ್ಣಗಾದರೆ ಡಬ್ಬಿ ಮುಗಿದಿಲ್ಲ, ತಣ್ಣಗಾದ ಬ್ಯೂಟೇನ್ ಸಾಕಷ್ಟು ಆವಿಯಾಗುತ್ತಿಲ್ಲ ಅಷ್ಟೆ. ರಾತ್ರಿ ಡಬ್ಬಿಯನ್ನು ಬಟ್ಟೆಯ ಬ್ಯಾಗಿನೊಳಗೆ ಸುತ್ತಿಡಿ. ಬಿಸಿನೀರಿಗೆ ಹಾಕುವುದು, ಬೆಂಕಿಯ ಹತ್ತಿರ ಇಡುವುದು ಖಂಡಿತ ಬೇಡ.

ಈ ಒಲೆಯ ನಿಜವಾದ ಅಪಾಯ ನಮ್ಮ ಪಾತ್ರೆಗಳು. ಒಲೆಯ ಬಲಗಡೆಯ ಮುಚ್ಚಳದ ಕೆಳಗೇ ಡಬ್ಬಿ ಇರುತ್ತದೆ. ಹನ್ನೆರಡಿಂಚಿನ ದೋಸೆಕಾವಲಿ ಇಟ್ಟರೆ ಅದರ ಅಂಚು ಆ ಮುಚ್ಚಳದ ಮೇಲೆ ಚಾಚುತ್ತದೆ, ಕಾವಲಿಯ ಕಾವು ನೇರ ಡಬ್ಬಿಗೆ. ಕಾದ ಡಬ್ಬಿ ಸಿಡಿಯುತ್ತದೆ. ಗಾಳಿಗೆಂದು ಒಲೆಯ ಸುತ್ತ ತಗಡು ನಿಲ್ಲಿಸಿದರೂ ಅದೇ ಗತಿ. ಪಾತ್ರೆ ಎಂಟು-ಒಂಬತ್ತಿಂಚು ಮೀರಬಾರದು, ಮೂರು ಲೀಟರಿನ ಕುಕ್ಕರ್ ಸಾಕು; ಮುಚ್ಚಳದ ಮೇಲೆ ಆಗಾಗ ಅಂಗೈಯಿಟ್ಟು ನೋಡಿ, ಬಿಸಿ ತಾಗಿದರೆ ಆರಿಸಿ. ದೋಸೆಯ ಆಸೆ ಬಿಡಲಾಗದಿದ್ದರೆ 5 ಕೆಜಿಯ ಸಣ್ಣ ಸಿಲಿಂಡರ್, ಉದ್ದ ಪೈಪು, ಬೇರೆ ಒಲೆ. ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಯಾವ ಒಲೆಯೂ ಟೆಂಟಿನೊಳಗೆ ಬರಕೂಡದು. ಬಾರ್ಬೆಕ್ಯೂ ಮುಗಿದ ಮೇಲೆ ಉಳಿದ ಕೆಂಡವನ್ನು 'ಮಕ್ಕಳಿಗೆ ಬೆಚ್ಚಗಿರಲಿ' ಎಂದು ಒಳಗಿಡುವುದಂತೂ ಕೊಲ್ಲುವ ಕೆಲಸ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಮೊದಲ ರಾತ್ರಿ ಅಡುಗೆ ಇಟ್ಟುಕೊಳ್ಳಬೇಡಿ. ಮನೆಯಿಂದ ತಂದ ಪುಳಿಯೋಗರೆ ಅಥವಾ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕರಾವಳಿಯ ಮನೆಯಾದರೆ ಕೋರಿ ರೊಟ್ಟಿಗಿಂತ ಒಳ್ಳೆಯ ಕ್ಯಾಂಪ್ ಊಟ ಇನ್ನೊಂದಿಲ್ಲ: ರೊಟ್ಟಿ ಒಣಗಿದ್ದು, ಪ್ಯಾಕೆಟ್ ಮುರಿಯದಂತೆ ನೋಡಿಕೊಂಡರಾಯಿತು; ಸಾರನ್ನು ಮನೆಯಲ್ಲೇ ಮಾಡಿ, ಆರಿಸಿ, ಡಬ್ಬದಲ್ಲಿ ಕಲ್ಲಿನಂತೆ ಫ್ರೀಜ್ ಮಾಡಿ ತನ್ನಿ. ಅದೇ ಐಸ್ ಬಾಕ್ಸಿನ ತಳದ ಮಂಜುಗಡ್ಡೆಯೂ ಆಗುತ್ತದೆ. ಬಿಡಿ ಐಸ್ ಕೊಳ್ಳುವ ಬದಲು ಒಂದು ಲೀಟರಿನ ನಾಲ್ಕು ನೀರಿನ ಬಾಟಲಿ ಮುಕ್ಕಾಲು ತುಂಬಿಸಿ ಫ್ರೀಜ್ ಮಾಡಿ. ಕರಗಿದ್ದನ್ನು ಕುಡಿಯಬಹುದು, ತರಕಾರಿ ನೀರಲ್ಲಿ ತೇಲುವುದಿಲ್ಲ. ಅನ್ನಕ್ಕೆ ಐದು ಜನಕ್ಕೆ ಹೊತ್ತಿಗೆ 400 ಗ್ರಾಂ ಅಕ್ಕಿ. ಬೆಳಿಗ್ಗೆ ಅವಲಕ್ಕಿ, ಹಾಲು ಟೆಟ್ರಾ ಪ್ಯಾಕಿನದು. ಕುಡಿಯಲು ತಲೆಗೆ ದಿನಕ್ಕೆ 4 ಲೀಟರ್, ಅಂದರೆ ಐದು ಜನಕ್ಕೆ ದಿನಕ್ಕೊಂದು 20 ಲೀಟರಿನ ಕ್ಯಾನ್. ಪಾತ್ರೆ, ಕೈಕಾಲಿಗೆ ಬೇರೆ. ಹಿನ್ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯುವುದಕ್ಕಲ್ಲ.

ಮಕ್ಕಳು ಮತ್ತು ನೀರು

ಈಜು ಇಲ್ಲ. ದೊಡ್ಡವರಿಗೂ ಇಲ್ಲ, 'ನಾನು ಊರ ಹೊಳೆಯಲ್ಲಿ ಈಜಿ ಬೆಳೆದವನು' ಎನ್ನುವ ಮಾವನಿಗಂತೂ ಮೊದಲೇ ಇಲ್ಲ.

ಕಾರಣ ನೀರಿನ ಕೆಳಗಿದೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ್ದು ಕಣಿವೆಯ ಹೊಲಗದ್ದೆ. ಸಹ್ಯಾದ್ರಿಯ ಗದ್ದೆ ಎಂದರೆ ಮೆಟ್ಟಿಲು ಮೆಟ್ಟಿಲು, ಮೆಟ್ಟಿಲಿಗೊಂದು ಬದು. ಮಂಡಿಯಷ್ಟು ನೀರಿನಲ್ಲಿ ಹತ್ತು ಹೆಜ್ಜೆ ಸಮತಟ್ಟಾಗಿ ನಡೆದವನು ಹನ್ನೊಂದನೆಯ ಹೆಜ್ಜೆಗೆ ಬದುವಿನಿಂದ ಕೆಳಗಿಳಿಯುತ್ತಾನೆ, ನೀರು ತಲೆಯ ಮೇಲೆ. ಕಾಲಿಗೆ ಸಿಗುವ ನೆಲ ಹೂಳು, ಒತ್ತಿ ಮೇಲೇಳಲು ಆಸರೆಯಾಗುವುದಿಲ್ಲ. ಹಳೆಯ ಬಾವಿಗಳು, ಬೋಳು ಮರದ ಕೊಂಬೆಗಳು, ಮೀನಿನ ಬಲೆಯ ತುಂಡುಗಳೂ ಅಲ್ಲೇ ಇರುತ್ತವೆ. ನೀರಿಗಿಳಿಯಬೇಡಿ ಎಂದು ಊರವರು ಹೇಳಿದರೆ ಅದು ಗದರಿಕೆಯಲ್ಲ, ಆ ಗದ್ದೆಗಳನ್ನು ಉತ್ತವರ ಮಕ್ಕಳು ಹೇಳುವ ಮಾತು.

ಮಕ್ಕಳಿಗೆ ನೀರಿನಂಚಿನಿಂದ ಹತ್ತು ಹೆಜ್ಜೆ ಹಿಂದೆ ಹಗ್ಗ ಎಳೆದು, ಅದಕ್ಕೆ ಬಣ್ಣದ ಬಟ್ಟೆ ಕಟ್ಟಿ, 'ಈ ಗೆರೆ ದಾಟುವಂತಿಲ್ಲ' ಎಂದು ತೋರಿಸಿ. ಕಾವಲು ಸರದಿಯಲ್ಲಿರಲಿ, ಒಂದೊಂದು ಗಂಟೆಗೆ ಒಬ್ಬರದೇ ಹೆಸರು. ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ. ದೋಣಿ ಹತ್ತುವಾಗ ಮಗುವಿನ ಲೈಫ್ ಜಾಕೆಟನ್ನು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಅದು ಗಲ್ಲ, ಕಿವಿ ಮುಟ್ಟಿದರೆ ನೀರಿನಲ್ಲಿ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ತೇಲುತ್ತದೆ. ಅಂಥ ದೋಣಿ ಬೇಡ. ಅಣೆಕಟ್ಟಿನ ಕೆಳಗಿನ ನದಿಪಾತ್ರದಲ್ಲಿ ಬಂಡೆಗಳ ಮೇಲೆ ಕೂತು ಫೋಟೋ ತೆಗೆಯುವುದೂ ಬೇಡ. ಸೈರನ್ ಕೇಳಿದ ಮೇಲೆ ಎದ್ದು ಓಡಲು ಸಿಗುವ ಹೊತ್ತು ಕಮ್ಮಿ.

ಕಕ್ಕಸಿಲ್ಲದ ಜಾಗವಾದರೆ ನೀರಿನಿಂದ 60 ಮೀಟರ್, ಅಂದರೆ ಎಂಬತ್ತು ದೊಡ್ಡ ಹೆಜ್ಜೆ ದೂರದಲ್ಲಿ ಗೇಣುದ್ದ ಗುಂಡಿ ತೋಡಿ, ಮುಗಿಸಿ ಮಣ್ಣು ಮುಚ್ಚಿ. ಡಯಾಪರ್, ಪ್ಯಾಡ್ ವಾಪಸ್ ಮನೆಗೆ. ಹೂತರೆ ನಾಯಿ ಕೆದರಿ ತೆಗೆಯುತ್ತದೆ.

ಹಾವು, ಹುಳ

ಹಾವಿನ ಹೆಸರನ್ನು ಮರಾಠಿಯಲ್ಲೂ ತಿಳಿದಿರಿ, ಹಳ್ಳಿಯವರು ಕೂಗುವುದು ಹಾಗೇ: ಕಟ್ಟುಹಾವು 'ಮಣ್ಯಾರ್', ಕೊಳಕುಮಂಡಲ 'ಘೋಣಸ್', ಗರಗಸ ಮಂಡಲ 'ಫುರ್ಸೆ'. ಕ್ಯಾಂಪಿನವರಿಗೆ ಮುಖ್ಯ ಕಟ್ಟುಹಾವು. ಅದು ರಾತ್ರಿ ಓಡಾಡುತ್ತದೆ, ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ನೋಯುವುದೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲಾಗದಿರುವುದು ಕಂಡರೆ ಗಾಯ ಹುಡುಕುತ್ತ ಕೂರಬೇಡಿ. ಕೊಯ್ಯುವುದು, ಕಟ್ಟುವುದು, ಹೀರುವುದು ಬೇಡ. ಕೈಕಾಲು ಅಲುಗದಂತೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಹತ್ತಿರದ ಗ್ರಾಮೀಣ ಆಸ್ಪತ್ರೆ ಯಾವುದು, ಅಲ್ಲಿ ವಿಷಕ್ಕೆ ಮದ್ದು ಇದೆಯೇ ಎಂಬುದನ್ನು ಹೋದ ದಿನವೇ ಕೇಳಿ ಬರೆದಿಡಿ. ರಾತ್ರಿ ಟೆಂಟಿನ ಜಿಪ್ ತಳದವರೆಗೆ ಮುಚ್ಚಿರಲಿ, ಚಪ್ಪಲಿ ಒಳಗಿರಲಿ, ಹೊರಗೆ ಹೋಗುವಾಗ ಟಾರ್ಚ್ ನೆಲಕ್ಕೆ. ಅನ್ನದ ಅಗುಳು ಚೆಲ್ಲಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಅದು.

ಕೋಟೆ ಹತ್ತುವವರು ಸೆಂಟು ಹಾಕಿಕೊಳ್ಳಬೇಡಿ, ಬಂಡೆಯ ಕೆಳಗೆ ಬೀಡಿ-ಬೆಂಕಿ ಬೇಡ. ಹೆಜ್ಜೇನಿನ ಹುಟ್ಟು ಅಲ್ಲೇ ಜೋತಿರುತ್ತದೆ.

ಹೊರಡುವ ಬೆಳಿಗ್ಗೆ

ಇಬ್ಬನಿ ಆರುವುದು ಒಂಬತ್ತೂವರೆಗೆ. ಅದಕ್ಕೆ ಮುಂಚೆ ಟೆಂಟ್ ಮಡಚಲು ಹೋಗಬೇಡಿ. ಹೊರ ಹೊದಿಕೆ ಬಿಚ್ಚಿ, ತಿರುವಿ, ಪೊದೆಯ ಮೇಲೆ ಬಿಸಿಲಿಗೆ ಹಾಕಿ ಅವಲಕ್ಕಿ ಒಗ್ಗರಣೆ ಮಾಡಿ. ಬೆಂಕಿ ಹಾಕಿದ್ದರೆ ನೀರು ಸುರಿದು, ಕೋಲಿನಿಂದ ಕಲಕಿ, ಅಂಗೈ ಇಟ್ಟರೆ ತಣ್ಣಗಿರುವಷ್ಟು ಆರಿಸಿ. ಆಮೇಲೆ ಮೊಳೆ ಎಣಿಸಿ. ಹನ್ನೆರಡು ತಂದಿದ್ದರೆ ಹನ್ನೆರಡೂ ಕೈಗೆ ಬರಬೇಕು. ಉಳಿದ ಒಂದು ಮುಂದಿನ ಜೂನಿನಲ್ಲಿ ಆ ರೈತರ ಎತ್ತಿನ ಗೊರಸಿಗೆ ಹೋಗುತ್ತದೆ. ರಿಬ್ಬನ್ ಕಟ್ಟಿದ್ದು ಇದಕ್ಕೇ.

ಭಾನುವಾರವೇ ವಾಪಸಾಗಬೇಕಾದ ಮುಂಬಯಿಯವರು ಮಧ್ಯಾಹ್ನ ಒಂದರೊಳಗೆ ಗಾಡಿ ಬಿಡಿ. ನಾಲ್ಕರ ಮೇಲೆ ಖಂಡಾಳಾ ಘಾಟಿನಲ್ಲಿ ಎಕ್ಸ್‌ಪ್ರೆಸ್‌ವೇ ಎನ್ನುವುದು ಹೆಸರಿಗೆ ಮಾತ್ರ.

ಮನೆಗೆ ಬಂದ ರಾತ್ರಿಯೇ ಟೆಂಟನ್ನು ಚೀಲದಿಂದ ಹೊರತೆಗೆಯಿರಿ, ಒಣಗಿದೆ ಎಂದು ಕಂಡರೂ. ಹೊಲಿಗೆಯ ಸಾಲಿನಲ್ಲಿ ತೇವ ಉಳಿದಿರುತ್ತದೆ. ಮುಂಬಯಿಯ ಹವೆಯಲ್ಲಿ ವಾರದೊಳಗೆ ಕಪ್ಪು ಚುಕ್ಕೆ, ಹಳೆ ಸಾಕ್ಸಿನ ವಾಸನೆ. ಒಮ್ಮೆ ಹಿಡಿದ ಬೂಷ್ಟು ಹೋಗುವುದಿಲ್ಲ, ಒಳಬದಿಯ ಲೇಪವೂ ಸಿಪ್ಪೆಯಂತೆ ಏಳುತ್ತದೆ. ಬಾಲ್ಕನಿಯಲ್ಲಿ ಆರು ಜನರ ಟೆಂಟ್ ಹರಡುವ ಮಾತೇ ಇಲ್ಲ. ಟೆರೇಸಿನ ಕೀಲಿ ವಾಚ್‌ಮನ್ ಹತ್ತಿರವೋ ಸೆಕ್ರೆಟರಿ ಮನೆಯಲ್ಲೋ ಎಂದು ಹೊರಡುವ ಮುಂಚೆಯೇ ವಿಚಾರಿಸಿಟ್ಟಿರಿ.